ನುಸಿ ಮುಟ್ಟದ ಸೀರೆ

"ಬುದ್ಧೀ, ಪ್ರೀತಿಯವರನ್ನು ದೂರದಲ್ಲೇ ಇಟ್ಟುಕೊಂಡರೆ ಪ್ರೀತಿ ಕೆಡದೆ ಉಳಿಯುತ್ತದಲ್ಲವೇ?" ಎಂದು ಸೋಮಲಿಂಗ ಗುರುಗಳನ್ನು ಕೇಳಿದ.

ಮಠದ ರೇಷ್ಮೆ ವಸ್ತ್ರಗಳ ನಡುವೆ ಅವನು ಘಾಟು ವಾಸನೆಯ ಬಿಳಿ ನುಸಿಗುಳಿಗೆ ಇಡುತ್ತಿದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಮಠ ಸೇರಿ ಆರು ವರ್ಷವಾಗಿತ್ತು. ಒಮ್ಮೆಯೂ ಅವಳನ್ನು ನೋಡಲು ಹೋಗಿರಲಿಲ್ಲ. ಒಂದು ಸಲ ಬಂದು ಹೋಗು ಎಂದು ಅವಳು ಹೇಳಿಕಳಿಸುತ್ತಲೇ ಇದ್ದಳು. ಹೋದರೆ ಮನಸ್ಸಿನಲ್ಲಿರುವ ಅಕ್ಕ ಎಲ್ಲಿ ಬದಲಾಗಿಬಿಡುತ್ತಾಳೋ ಎಂಬ ಅಂಜಿಕೆ ಅವನಿಗೆ. ಆದರೂ ಅವಳ ನೆನಪಾದ ದಿನ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಗುರುಗಳು ಒಂದು ಗುಳಿಗೆಯನ್ನು ಕೈಗೆತ್ತಿಕೊಂಡು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬಟ್ಟೆ ಕಾಪಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಹೆಂಡತಿ ತೀರಿಕೊಂಡಳು. ಅವಳು ಕೊನೆಗೆ ಉಟ್ಟು ಬಿಚ್ಚಿಟ್ಟ ಸೀರೆಯೊಂದು ಒಗೆಯದೆ ಉಳಿದಿತ್ತು. ಸೀಗೆಪುಡಿ, ಒಗ್ಗರಣೆ, ಬೆವರು, ಎಲ್ಲ ಸೇರಿ ಅದರಲ್ಲಿ ಅವಳೇ ಇದ್ದಳು. ವ್ಯಾಪಾರಿ ಒಮ್ಮೆ ಮೂಸಿದ, ಅತ್ತ. ದಿನವೂ ಮೂಸಿದರೆ ಎಷ್ಟು ದಿನ ಬಂದೀತು ಎಂದು ಹೆದರಿ, ಮಡಿಸಿ ಟ್ರಂಕಿನಲ್ಲಿಟ್ಟ. ಕಸುಬು ಬಲ್ಲವನಲ್ಲವೇ, ಗುಳಿಗೆ ಸೀರೆಗೆ ತಾಗದಂತೆ ತೆಳು ಅರಿವೆಯಲ್ಲಿ ಗಂಟು ಕಟ್ಟಿದ. ಅಂಗಡಿಯಲ್ಲಿ ಎರಡು ಇಡುವ ಕಡೆ ಇಲ್ಲಿ ಎಂಟು ಇಟ್ಟು ಬೀಗ ಹಾಕಿದ.

ಅವನಿಗೊಬ್ಬ ಪುಟ್ಟ ಮಗಳಿದ್ದಳು. "ಅಪ್ಪಾ, ಅಮ್ಮನ ಸೀರೆ ಒಂದ್ಸಲ ಹೊದ್ಕೊಂಡು ಮಲಗ್ತೀನಿ, ಕೊಡಪ್ಪ" ಎಂದು ಗೋಗರೆದಳು.

"ಬೇಡ ಕಂದ, ಆಮೇಲೆ ಏನೂ ಉಳಿಯಲ್ಲ. ವರ್ಷದ ತಿಥಿಗೆ ತೆಗೆಯೋಣ" ಎಂದ.

ಹುಡುಗಿ ದಿನ ಎಣಿಸಿದಳು. ಅವನೂ ಎಣಿಸಿದ. ಹಸಿದವನು ಬುತ್ತಿ ಬಿಚ್ಚದೆ ದಾರಿ ನಡೆದ ಹಾಗೆ ಒಂದು ವರ್ಷ ಕಳೆದರು.

ತಿಥಿಯ ದಿನ ಬೀಗ ತೆಗೆದ. ಕಟ್ಟಿದ್ದ ಗಂಟುಗಳು ಬರಿದಾಗಿದ್ದವು. ಈ ಗುಳಿಗೆಯ ಗುಣವೇ ಅದು. ಬೆಂಕಿ ಬೇಡ, ನೀರು ಬೇಡ, ಕರಗಿ ಒದ್ದೆಯಾಗುವುದೂ ಇಲ್ಲ. ಗಟ್ಟಿಯಾಗಿದ್ದದ್ದು ನೇರವಾಗಿ ಗಾಳಿಯಾಗಿ ಸುತ್ತ ಇರುವುದರೊಳಗೆಲ್ಲ ಹೊಕ್ಕುಬಿಡುತ್ತದೆ. ಸೀರೆ ಮಾತ್ರ ಇಟ್ಟ ಹಾಗೇ ಇತ್ತು. ಒಂದು ತೂತಿಲ್ಲ, ಒಂದು ಕಲೆಯಿಲ್ಲ. ವ್ಯಾಪಾರಿ ಹೆಮ್ಮೆಯಿಂದ ಅದನ್ನು ಮಗಳ ಮಡಿಲಿಗೆ ಹಾಕಿದ.

ಮಗಳು ಮುಖ ಹುದುಗಿಸಿ ಉಸಿರೆಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. ಆಮೇಲೆ ತಲೆಯೆತ್ತಿ, "ಅಪ್ಪಾ, ಇದು ನಮ್ಮ ಅಂಗಡಿ ವಾಸನೆ" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ತನ್ನ ಬೆರಳುಗಳನ್ನು ಮೂಸಿ ನೋಡಿಕೊಂಡ. "ಆಮೇಲೆ ವ್ಯಾಪಾರಿ ಏನು ಮಾಡಿದ, ಬುದ್ಧೀ?" ಎಂದ.

ಗುರುಗಳು ಗುಳಿಗೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು.

"ನಿಮ್ಮಕ್ಕನ ಊರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ?"