ಗುರುಸಿದ್ದಪ್ಪನ ಅರ್ಧ ಮೀಸೆ

ಗುರುಸಿದ್ದಪ್ಪ ತನ್ನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಮಾರುತ್ತಿದ್ದ ಅಗ್ಗದ ಚಾರ್ಜಿಂಗ್ ಸೆಲ್ಲಿನ ಪೊಟ್ಟಣದ ಮೇಲೆ ಹುಲಿಯ ಚಿತ್ರ. ಒಳಗೆ ಇಲಿಯಷ್ಟೂ ಜೀವವಿಲ್ಲ. ಎಷ್ಟೇ ಚಾರ್ಜ್ ಮಾಡಿದರೂ ಒಂದು ಗಡ್ಡ ಮುಗಿಯುವಷ್ಟರಲ್ಲಿ ಟ್ರಿಮ್ಮರು ಸುಸ್ತು. ಎದುರಿನ ಕಟಿಂಗ್ ಶಾಪಿನ ನಿಂಗರಾಜು ಸೆಲ್ಲು ವಾಪಸು ಕೊಡಲು ಹೋದ.

"ನನ್ನ ಮಾಲಿನಲ್ಲೇ ತಪ್ಪು ಹುಡುಕ್ತೀಯೇನೋ? ಸೆಲ್ಲು ಫಸ್ಟ್ ಕ್ಲಾಸಾಗಿದೆ. ನಿನಗೇ ಬಳಸೋಕೆ ಬರಲ್ಲ!" ಎಂದು ಗುರುಸಿದ್ದಪ್ಪ ಗಿರಾಕಿಗಳೆದುರೇ ಗದರಿದ.

ನಿಂಗರಾಜು ಸೆಲ್ಲನ್ನು ಜೇಬಿಗೆ ಹಾಕಿಕೊಂಡು ವಾಪಸು ಬಂದ.

ಭಾನುವಾರ ಗುರುಸಿದ್ದಪ್ಪನ ಮಗಳ ನಿಶ್ಚಿತಾರ್ಥ. ಅಂದು ಬೆಳಿಗ್ಗೆ ಅವನು ಸರದಿಯನ್ನೂ ನೋಡದೆ ಕಟಿಂಗ್ ಶಾಪಿಗೆ ಬಂದು ಕುರ್ಚಿಯಲ್ಲಿ ಕೂತ. "ಗಡ್ಡ, ಮೀಸೆ ಎಲ್ಲಾ ತೆಗಿ. ಬ್ಲೇಡು ತಾಗಿಸಬೇಡ, ಗುಳ್ಳೆ ಏಳ್ತವೆ. ಮೆಷಿನ್ನಲ್ಲೇ ಆಗಬೇಕು. ಬೀಗರು ಕಾಯ್ತಿದ್ದಾರೆ!"

ನಿಂಗರಾಜು ಅದೇ ಸೆಲ್ಲು ಹಾಕಿದ. ಗಡ್ಡ ಹೋಯಿತು. ಬಲಗಡೆ ಮೀಸೆಯೂ ಹೋಯಿತು. ಅಲ್ಲಿಗೆ ಟ್ರಿಮ್ಮರು ಗೊರಗೊರ ಎಂದು ನಿಂತೇಬಿಟ್ಟಿತು.

"ಬೇರೆ ಸೆಲ್ ಹಾಕೋ!"

"ಆಗಲಿ ಸ್ವಾಮಿ. ನಿಮ್ಮಂಗಡಿಯಿಂದಲೇ ಇನ್ನೊಂದು ಜೊತೆ ತರ್ತೀನಿ."

ಗುರುಸಿದ್ದಪ್ಪ ಕನ್ನಡಿಯಲ್ಲಿ ತನ್ನ ಅರ್ಧ ಮೀಸೆ ನೋಡಿ ಕಿರುಚಿದ. "ಅಯ್ಯೋ, ನಮ್ಮಂಗಡೀದು ಬೇಡ ಮಾರಾಯ! ಆ ದರಿದ್ರದ್ದು ಎರಡು ನಿಮಿಷ ಬರಲ್ಲ! ಬೇರೆ ಎಲ್ಲಿಂದಾದ್ರೂ ತಾ!"

ಸರದಿಯಲ್ಲಿದ್ದವರೆಲ್ಲ ಕಿವಿಯಾರೆ ಕೇಳಿದರು.

ನಿಂಗರಾಜು ಡ್ರಾಯರಿನಿಂದ ಬೇರೆ ಸೆಲ್ಲು ತೆಗೆದ. "ಹಾಗಾದ್ರೆ ನನಗೆ ಬಳಸೋಕೆ ಬರುತ್ತೆ ಅನ್ನಿ, ಸ್ವಾಮಿ."