ಅವ್ವ ಹೊಗಳದ ಕುರ್ಚಿ

“ಗುರುಗಳೇ, ನನ್ನ ಪ್ರವಚನ ಕೇಳಿದವರೆಲ್ಲ ಹಾಡಿ ಹೊಗಳುತ್ತಾರೆ. ಆದರೆ ಒಬ್ಬರ ನಡತೆಯೂ ಬದಲಾದದ್ದನ್ನು ಕಾಣೆ. ಇನ್ನೇನು ಸೇರಿಸಲಿ?” ಎಂದು ಶಿಷ್ಯ ಸಿದ್ದವೀರ ಕೇಳಿದ.

ಗುರುಗಳು ನಕ್ಕು ಹೇಳತೊಡಗಿದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು. ಒಂದು ಪೇಟೆಯಲ್ಲಿ ಒಬ್ಬ ಬಡಗಿ ಇದ್ದ. ಅವನ ತಾಯಿಗೆ ಎಡಮಂಡಿ ನೋವು. ನೆಲದ ಮೇಲೆ ಕೂತರೆ ಎಬ್ಬಿಸಲು ಯಾರಾದರೂ ಕೈ ಕೊಡಬೇಕು. ಅವ್ವ ನೋಯದೆ ಕೂರಲಿ ಎಂಬ ಒಂದೇ ಆಸೆಯಿಂದ ಬಡಗಿ ಒಂದು ತೇಗದ ಕುರ್ಚಿ ಮಾಡಿದ. ಅದರ ಕೈಗಳಿಗೆ ಸಿಂಹದ ಮುಖ, ಬೆನ್ನಿಗೆ ಬಳ್ಳಿಯ ಕೆತ್ತನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ನೋಡಿ ನೋಡಿ ತಾನೇ ಹಿಗ್ಗಿದ. ತಾಯಿ ತುದಿಯಲ್ಲಿ ಕೂತು, “ಬಾಳ ಚೆಂದಾಗದೆ ಕಣಪ್ಪ” ಅಂದಳು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ನೆಲದ ಮೇಲಿದ್ದಳು.

ಕೆತ್ತನೆ ಬೆನ್ನಿಗೆ ಒತ್ತಿರಬೇಕು ಎಂದುಕೊಂಡ ಬಡಗಿ. ಆಗ ಪೇಟೆಗೆ ಹೊಸ ಮಾದರಿಯ ಕುರ್ಚಿಗಳು ಬರುತ್ತಿದ್ದವು. ಓರೆಗಾಲು, ನುಣುಪಾದ ಮರ, ಬೆತ್ತದ ಹೆಣಿಗೆ. ಅವನೂ ಅಂಥದೇ ಒಂದು ಮಾಡಿದ. ಅವ್ವ ಇನ್ನೂ ಹೆಚ್ಚು ಹೊಗಳಿದಳು, ಅಕ್ಕಪಕ್ಕದವರನ್ನು ಕರೆದು ತೋರಿಸಿದಳು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕಿಳಿದಳು. ಬಡಗಿಗೆ ಅಳುವೇ ಬಂತು. ತನ್ನ ಕೈಗುಣವೇ ಸರಿಯಿಲ್ಲವೆಂದು ಉಳಿ ಕೆಳಗಿಟ್ಟ.

ಒಂದು ಬೆಳಿಗ್ಗೆ ಅವ್ವ ಜಗಲಿಯ ಅಂಚಿನಲ್ಲಿ ಕೂತಿದ್ದಳು. ನೋಯುವ ಕಾಲನ್ನು ಕೆಳಗೆ ಇಳಿಬಿಟ್ಟು, ಇನ್ನೊಂದನ್ನು ಮಡಚಿ ಮೇಲಿಟ್ಟುಕೊಂಡಿದ್ದಳು. ಬಡಗಿ ಹಣೆ ಚಚ್ಚಿಕೊಂಡ. ಮಹಾರಾಯ ಇಷ್ಟು ದಿನ ಕುರ್ಚಿಯನ್ನೇ ನೋಡಿದ್ದ, ಅವ್ವ ಕೂರುವುದನ್ನು ನೋಡಿರಲಿಲ್ಲ. ಕೈಗಳೇ ಇಲ್ಲದ, ಗಿಡ್ಡ ಕಾಲಿನ, ಜಗಲಿಯಷ್ಟೇ ಎತ್ತರದ ಅಗಲವಾದ ಕುರ್ಚಿ ಮಾಡಿ ಬೆತ್ತ ಹೆಣೆದ.

ಅವ್ವ ಬಂದು ಕೂತಳು. ಕಾಲು ಮಡಚಿದಳು. ಕುರ್ಚಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಆ ಮೊರ ಇತ್ಲಾಗ್ ಕೊಡಪ್ಪ, ಅಕ್ಕಿ ಆರಿಸ್ಬೇಕು” ಅಂದಳು.

ಮಧ್ಯಾಹ್ನದವರೆಗೂ ಅಲ್ಲಿಂದ ಏಳಲಿಲ್ಲ. ಬಡಗಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವತ್ತು ಬೀದಿಗೆಲ್ಲ ಬೆಲ್ಲ ಹಂಚಿದ. ಮುಂದೆ ಆ ಮಾದರಿ ಪೇಟೆಯ ಮನೆಮನೆಗೂ ಹೋಯಿತು.

ಕತೆ ಕೇಳಿ ಸಿದ್ದವೀರನಿಗೂ ನಗು ಬಂತು. “ಹಾಗಾದರೆ ನನ್ನ ಪ್ರವಚನದಲ್ಲಿ ಏನು ಕೊರತೆ, ಗುರುಗಳೇ?” ಎಂದ.

“ನಿನ್ನ ಜನ ಇನ್ನೂ ಹೊಗಳುತ್ತಿದ್ದಾರಲ್ಲಪ್ಪ” ಎಂದರು ಗುರುಗಳು.