ಬ್ಲಾಕಿನೊಳಗಿನ ಮಸಿ

"ಅಜ್ಜಾರೇ, ಗುರುಗಳು ಹೇಳಿಕೊಟ್ಟದ್ದನ್ನು ಕೂದಲೆಳೆಯಷ್ಟು ಬದಲಿಸಿದರೂ ಅದು ದ್ರೋಹವಲ್ಲವೇ?" ಎಂದು ಅಡಿವೆಪ್ಪ ಮಠದ ಅಜ್ಜನವರನ್ನು ಕೇಳಿದ.

ಅವನ ಗುರು ಚನ್ನಮಲ್ಲಯ್ಯನವರು ಹಿಂದಿನ ವರ್ಷ ತೀರಿಹೋಗಿದ್ದರು. ಅವರದು ಗಡಸು ದನಿ. ತತ್ವಪದಗಳನ್ನು ಬಹಳ ಕೆಳಗಿನ ಶ್ರುತಿಯಲ್ಲಿ ಹಾಡುತ್ತಿದ್ದರು. ಅಡಿವೆಪ್ಪ ಅದೇ ಶ್ರುತಿಯಲ್ಲಿ ಊರಿನ ಮಕ್ಕಳಿಗೆ ಪದ ಹೇಳಿಕೊಡುತ್ತಿದ್ದ. ಮಕ್ಕಳ ದನಿ ಅಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ಅವರು ಸುಮ್ಮನೆ ಬಾಯಿ ಆಡಿಸುತ್ತಿದ್ದರು, ಆಮೇಲಾಮೇಲೆ ಬರುವುದನ್ನೇ ಬಿಡತೊಡಗಿದರು. ಶ್ರುತಿ ಸ್ವಲ್ಪ ಏರಿಸು ಎಂದವರ ಜೊತೆ ಅಡಿವೆಪ್ಪ ಮಾತು ಬಿಟ್ಟಿದ್ದ. ಹೀಗೇ ಆದರೆ ಗುರುಗಳ ಪದ ತನ್ನೊಂದಿಗೇ ಮುಗಿದುಹೋಗುತ್ತದೆ ಎಂಬ ಭಯ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಅದಕ್ಕೇ ಅವನು ಅಜ್ಜನವರ ಬಳಿಗೆ ಬಂದಿದ್ದ. ಅಜ್ಜನವರೂ ಚನ್ನಮಲ್ಲಯ್ಯನವರೂ ಒಬ್ಬರೇ ಗುರುಗಳ ಕೈಯಲ್ಲಿ ಕಲಿತವರು.

"ಹಾರ್ಮೋನಿಯಂ ಆಚೆ ಸರಿಸು," ಎಂದರು ಅಜ್ಜನವರು. "ಮೋಟರ್ ಸೈಕಲ್ಲಿನ ಕತೆ ಹೇಳುತ್ತೇನೆ. ಮಠದಲ್ಲಿ ಮೋಟರ್ ಸೈಕಲ್ ಏಕೆ ಎಂದು ಮುಖ ಸಿಂಡರಿಸಬೇಡ. ನೀನು ಬಂದದ್ದೂ ಅದರ ಮೇಲೆಯೇ."

ಅವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೊಬ್ಬ ಗೆಳೆಯನಿದ್ದ. ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಗೆಳೆಯನ ಹತ್ತಿರ ಒಂದು ಟೂ ಸ್ಟ್ರೋಕ್ ಗಾಡಿ ಇತ್ತು. ಅದರ ಸದ್ದು ಊರಿಗೆಲ್ಲ ಗೊತ್ತು. ಸಂಜೆ ಅದು ಕೆರೆಯ ತಿರುವಿಗೆ ಬಂತೆಂದರೆ ಗೆಳೆಯನ ಅಪ್ಪ ಮನೆಯ ಕಡೆ ತಿರುಗಿ, "ಬಂದ ನೋಡು, ರೊಟ್ಟಿ ಹಾಕು" ಎಂದು ಹೆಂಡತಿಗೆ ಕೂಗಿ ಹೇಳುತ್ತಿದ್ದ.

ಆ ಗೆಳೆಯ ಜ್ವರ ಬಂದು ತೀರಿಕೊಂಡ. ಇನ್ನೂ ಮದುವೆಯೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತ ಗಾಡಿಯನ್ನು ಅಪ್ಪನಿಂದ ನೋಡಲಾಗುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಅದನ್ನು ಗುಜರಿಗೆ ಹಾಕಿಬಿಟ್ಟ. ಹಾಕಿದ ಮೇಲೆ ಅತ್ತ.

ಕೆಲವು ವರ್ಷ ಕಳೆದವು. ಅಪ್ಪನ ಒಂದು ಕಿವಿ ಪೂರ್ತಿ ಹೋಯಿತು, ಇನ್ನೊಂದು ಮಂದವಾಗತೊಡಗಿತು. ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಡಾಕ್ಟರು. ಅವನು ಮೆಕ್ಯಾನಿಕ್ಕನ ಹತ್ತಿರ ಬಂದು, "ತಮ್ಮಾ, ಕಿವಿ ಮುಚ್ಚಿಹೋಗುವ ಮೊದಲು ಆ ಗಾಡಿಯ ಸದ್ದು ಒಂದು ಸಲ ಕೇಳಿಸು" ಎಂದ.

ಮೆಕ್ಯಾನಿಕ್ ಊರೂರಿನ ಗುಜರಿ ಅಂಗಡಿ ಸುತ್ತಿದ. ಗಾಡಿ ಎಂದೋ ಚೂರಾಗಿತ್ತು. ಕೊನೆಗೆ ಒಂದು ಕಡೆ ಅದರ ಬ್ಲಾಕ್ ಮಾತ್ರ ಸಿಕ್ಕಿತು. ಬ್ಲಾಕ್ ಎಂದರೆ ಪಿಸ್ಟನ್ ಆಡುವ ಕೊಳವೆ, ಎಂಜಿನ್ನಿನ ಎದೆ ಎಂದಿಟ್ಟುಕೋ. ಬಿಸಿ ಆರಲೆಂದು ಅದರ ಹೊರಗಿರುವ ರೆಕ್ಕೆಗಳಲ್ಲಿ ಒಂದು ಮುರಿದಿತ್ತು. ಹಿಂದೆ ಗ್ಯಾರೇಜಿನಲ್ಲಿ ಇವನ ಕೈಯಿಂದಲೇ ಜಾರಿಬಿದ್ದು ಮುರಿದದ್ದು. ಅದನ್ನು ನೋಡಿ ಗುರುತು ಹಿಡಿದ. ಅಂಗಡಿಯ ಮುಂದೆಯೇ ಅದನ್ನು ಎದೆಗೆ ಒತ್ತಿಕೊಂಡು ನಿಂತ.

ಉಳಿದದ್ದನ್ನು ಕಂಡಕಂಡಲ್ಲಿಂದ ತಂದ. ಚಾಸಿಸ್ ಒಬ್ಬ ಹಾಲಿನವನ ಹಳೇ ಗಾಡಿಯದು. ಗೇರಿನ ಪೆಟ್ಟಿಗೆ, ಬ್ಲಾಕ್ ಕೂರುವ ತಳದ ಕೇಸು ಬೇರೆ ಕಂಪನಿಯವು. ಟ್ಯಾಂಕ್ ಯಾವ ಗಾಡಿಯದೋ ದೇವರಿಗೇ ಗೊತ್ತು. ಒಂದಕ್ಕೊಂದು ಹೊಂದದ ಸಾಮಾನು. ಅವನು ಯಾವುದರ ಮುಲಾಜೂ ನೋಡಲಿಲ್ಲ. ಕೊಯ್ದ, ಬೆಸೆದ, ಲೋಹ ಸವೆಸುವ ಅರದಿಂದ ತಿಕ್ಕಿದ. ಚಾಸಿಸ್ಸಿಗೆ ಎರಡು ಕಡೆ ಹೊಲಿಗೆ ಬಿತ್ತು. ಬ್ಲಾಕಿಗೆ ಮಾತ್ರ ಅರ ಮುಟ್ಟಿಸಲಿಲ್ಲ.

ಅಲ್ಲೇ ಅವನು ತಪ್ಪಿದ್ದು. ಕೇಸಿನ ದ್ವಾರಗಳು ದೊಡ್ಡವು, ಬ್ಲಾಕಿನವು ಚಿಕ್ಕವು. ಎರಡೂ ಕೂಡುವಲ್ಲಿ ಒಂದು ಮೆಟ್ಟಿಲು ಉಳಿಯಿತು. ಕೆಳಗಿನಿಂದ ಬರುವ ಪೆಟ್ರೋಲಿನ ಗಾಳಿ ಆ ಮೆಟ್ಟಿಲಿಗೆ ಬಡಿದು ಮುಗ್ಗರಿಸುತ್ತಿತ್ತು. ಇದು ಮಾತ್ರವಲ್ಲ. ಟೂ ಸ್ಟ್ರೋಕ್ ಗಾಡಿ ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿಯುತ್ತದೆ. ಆ ಆಯಿಲ್ ಉರಿದು ಹೊಗೆ ಹೋಗುವ ದ್ವಾರದಲ್ಲಿ ಮಸಿ ಕಟ್ಟುತ್ತದೆ. ಬ್ಲಾಕ್ ಕೈಗೆ ಬಂದರೆ ಮೊದಲು ಆ ಮಸಿ ಕೆರೆಯಬೇಕು. ಇದು ಆ ಕಸುಬಿನ ಮೊದಲ ಪಾಠ. ಊರಿನವರ ಗಾಡಿಗಳ ಮಸಿಯನ್ನು ದಿನಾ ಕೆರೆಯುವ ಈ ಪುಣ್ಯಾತ್ಮ ಇದನ್ನು ಕೆರೆಯಲಿಲ್ಲ! ಗೆಳೆಯ ಓಡಿಸಿದಾಗ ಉರಿದ ಮಸಿ, ಅದೂ ಗೆಳೆಯನದೇ ಎಂದುಕೊಂಡ.

ಗಾಡಿ ಸ್ಟಾರ್ಟ್ ಆಗುತ್ತಿತ್ತು. ಸ್ಟಾರ್ಟ್ ಆಗಿ, ಕೆಮ್ಮಿ, ಕಣ್ಣುಮುಚ್ಚುತ್ತಿತ್ತು. ಅವನು ಕೇಸಿನ ದ್ವಾರಕ್ಕೆ ಲೋಹದ ಅಂಟು ಮೆತ್ತಿ ಕಿರಿದು ಮಾಡಿದ. ಪೆಟ್ರೋಲಿಗೆ ಅಂಟು ಕರಗಿ ಬಂತು. ಕಾರ್ಬುರೇಟರ್ ಬದಲಿಸಿದ, ಪ್ಲಗ್ ಬದಲಿಸಿದ, ಸೈಲೆನ್ಸರ್ ಬದಲಿಸಿದ. ಅಪ್ಪ ದಿನಾ ಬಂದು ಗ್ಯಾರೇಜಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಮೊದಮೊದಲು ಬೀದಿಯ ಆಚೆ ಕೂಗಿದ್ದೂ ಅವನಿಗೆ ಕೇಳುತ್ತಿತ್ತು. ಬರಬರುತ್ತಾ ಪಕ್ಕದಲ್ಲಿ ನಿಂತು ಕೂಗಬೇಕಾಯಿತು. ಮೆಕ್ಯಾನಿಕ್ಕನಿಗೆ ಅವನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

"ಯಾಕೆ ತಮ್ಮಾ, ಎಲ್ಲಿ ತಡೆಯುತ್ತಿದೆ?" ಎಂದು ಅಪ್ಪ ಕೇಳಿದ.

"ಬ್ಲಾಕ್ ತಿಕ್ಕಬೇಕು ಕಾಕಾ," ಮೆಕ್ಯಾನಿಕ್ ಅವನ ಕಿವಿಯ ಹತ್ತಿರ ಬಾಗಿ ಕೂಗಿದ. "ಅವನದು ಅಂತ ಉಳಿದಿರೋದು ಅದೊಂದೇ. ನನ್ನ ಕೈ ಏಳೋದಿಲ್ಲ."

ಅಪ್ಪನಿಗೆ ಸಿಟ್ಟು ಬಂತು. "ಕಬ್ಬಿಣ ಇಟ್ಟುಕೊಂಡು ನಾನೇನು ಮಾಡಲಿ? ನಾನು ಕೇಳಿದ್ದು ಸದ್ದು! ನಿನ್ನ ಕೈ ಏಳುವ ತನಕ ನನ್ನ ಕಿವಿ ಕಾಯೋದಿಲ್ಲ" ಎಂದು ಎದ್ದು ಹೋದ.

ಮೆಕ್ಯಾನಿಕ್ ಸ್ಪ್ಯಾನರ್ ಕೈಗೆತ್ತಿಕೊಂಡ. ಬ್ಲಾಕ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹೊಗೆಯ ದ್ವಾರದ ಮಸಿ ಕೆರೆಯತೊಡಗಿದ. ಕಣ್ಣು ತುಂಬಿ ಬರುತ್ತಿತ್ತು. ತಪ್ಪಾಯಿತು ಮಾರಾಯಾ ಎಂದು ಗೆಳೆಯನಿಗೆ ಹೇಳುತ್ತಲೇ ಕೆರೆದ. ಮಸಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಅದರಡಿ ಲೋಹ ಕಂಡಿತು. ಲೋಹದ ಮೇಲೆ ಗೀರುಗಳಿದ್ದವು.

ಅವನು ಬೆಳಕಿಗೆ ಹಿಡಿದು ನೋಡಿದ. ಅರದ ಗೀರುಗಳು. ಕಂಪನಿಯವರು ಬಿಟ್ಟ ದ್ವಾರ ಅದಾಗಿರಲಿಲ್ಲ. ಗೆಳೆಯ ಅದನ್ನು ತಿಕ್ಕಿ ತಿಕ್ಕಿ ಅಗಲ ಮಾಡಿದ್ದ. ಒಂದು ಕಡೆ ಅರ ಜಾರಿ ಓರೆಯಾಗಿತ್ತು, ಅದನ್ನು ಮತ್ತೆ ತಿಕ್ಕಿ ಸರಿಪಡಿಸಿದ್ದ. ಊರಿಗೆಲ್ಲ ಗೊತ್ತಿದ್ದ ಆ ಸದ್ದು ಬಂದದ್ದು ಅಲ್ಲಿಂದ. ಅಯ್ಯೋ ಹುಚ್ಚಪ್ಪಾ, ಇಷ್ಟು ದಿನ ನಾನು ಕಾಪಾಡಿಕೊಂಡದ್ದು ಏನನ್ನು ಎಂದು ಮೆಕ್ಯಾನಿಕ್ ಅಳುತ್ತಲೇ ನಕ್ಕುಬಿಟ್ಟ. ಆಮೇಲೆ ತನ್ನ ಅರ ಕೈಗೆತ್ತಿಕೊಂಡ. ಗೆಳೆಯನ ಗೀರು ಇರುವಲ್ಲಿಗೆ ಹೋಗಲಿಲ್ಲ, ಕೆಳಗೆ ಮೆಟ್ಟಿಲು ಇದ್ದಲ್ಲಿ ತಿಕ್ಕಿದ.

ಮರುದಿನ ಸಂಜೆ ಅಪ್ಪ ಮನೆಯ ಮುಂದೆ ಕೂತಿದ್ದ. ಗಾಡಿ ಕೆರೆಯ ತಿರುವಿಗೆ ಬಂತು. ಅವನಿಗೆ ಕೇಳಿಸಲಿಲ್ಲ. ಇನ್ನೂ ಹತ್ತಿರ ಬಂತು. ಆಗ ಅವನು ಒಳ್ಳೆಯ ಕಿವಿಯನ್ನು ಬೀದಿಯ ಕಡೆ ತಿರುಗಿಸಿದ. ಮೆಕ್ಯಾನಿಕ್ ಗಾಡಿಯನ್ನು ಅವನ ಎದುರು ನಿಲ್ಲಿಸಿ, ಎಂಜಿನ್ ಆರಿಸದೆ ಕಾದ.

"ಇದು ಅವನ ಗಾಡಿಯ ಸದ್ದಲ್ಲ," ಎಂದ ಅಪ್ಪ.

ಮೆಕ್ಯಾನಿಕ್ ಎಂಜಿನ್ ಆರಿಸಹೋದ. ಅಪ್ಪ ಕೈ ಚಾಚಿ ನಡುಗುತ್ತಿದ್ದ ಟ್ಯಾಂಕನ್ನು ಮುಟ್ಟಿದ, ಕೈ ಹಿಂದೆಗೆಯಲಿಲ್ಲ. "ಅವನಿಗೊಬ್ಬ ಮಗ ಇದ್ದಿದ್ದರೆ ಅವನ ದನಿ ಹೀಗಿರುತ್ತಿತ್ತು ತಮ್ಮಾ," ಎಂದ. ಆಮೇಲೆ ಮನೆಯ ಕಡೆ ತಿರುಗಿ, ರೊಟ್ಟಿ ಹಾಕು ಎಂದು ಕೂಗಿದ.

ಅಜ್ಜನವರು ಕತೆ ನಿಲ್ಲಿಸಿದರು. ಅಡಿವೆಪ್ಪ ಕಣ್ಣೊರೆಸಿಕೊಂಡ.

"ಆದರೆ ಅಜ್ಜಾರೇ," ಎಂದ, "ಅದು ಕಬ್ಬಿಣ. ನನ್ನ ಹತ್ತಿರ ಇರುವುದು ಗುರುಗಳು ಹಾಡಿದ ಶ್ರುತಿ. ಅದರಲ್ಲಿ ಯಾರ ಅರವೂ ಆಡಿಲ್ಲ."

ಅಜ್ಜನವರು ಹಾರ್ಮೋನಿಯಂ ಅನ್ನು ಅವನ ಮುಂದಕ್ಕೆ ತಳ್ಳಿದರು.

"ನಮ್ಮ ಗುರುಗಳು ನಿನ್ನ ಚನ್ನಮಲ್ಲಯ್ಯನಿಗೂ ನನಗೂ ಆ ಪದಗಳನ್ನು ಹೇಳಿಕೊಟ್ಟದ್ದು ಮೇಲಿನ ಶ್ರುತಿಯಲ್ಲಿ ಕಣಪ್ಪಾ, ಆಗ ನಾವಿಬ್ಬರೂ ಮಕ್ಕಳು."